ಮಂಡಿ ಬದಲಾಯಿಸಿ ಹತ್ತು ತಿಂಗಳು, ಈಗ ಹಾಕಿದ್ದನ್ನೇ ತೆಗೀಬೇಕಂತೆ. ಆಂಟಿಬಯೋಟಿಕ್‌ಗೆ ಯಾಕೆ ಬಗ್ತಿಲ್ಲ ಈ ಸೋಂಕು?

ಸಂಪಿಗೆಮರ

ಅಮ್ಮನಿಗೆ 67 ವರ್ಷ. ಹೋದ ವರ್ಷ ಗೌರಿ ಹಬ್ಬ ಮುಗಿಸಿಕೊಂಡು ಬಲ ಮಂಡಿ ಆಪರೇಷನ್ ಮಾಡಿಸಿದ್ವಿ. ಮೊದಲ ಮೂರು ತಿಂಗಳು ಎಷ್ಟು ಚೆನ್ನಾಗಿತ್ತು ಅಂದ್ರೆ, ತಾವೇ ಮೆಟ್ಟಿಲು ಹತ್ತಿ ಮಹಡಿ ಮೇಲೆ ಹಪ್ಪಳ ಒಣಗಿಸೋಕೆ ಹೋಗ್ತಿದ್ರು. ಸಂಕ್ರಾಂತಿ ಹೊತ್ತಿಗೆ ಮಂಡಿ ಬೆಚ್ಚಗಾಗೋಕೆ ಶುರುವಾಯ್ತು. ಕೆಂಪಿಲ್ಲ, ಜ್ವರ ಇಲ್ಲ. ಕೈ ಇಟ್ಟು ನೋಡಿದರೆ ಎಡಗಾಲಿಗಿಂತ ಬಲಗಾಲು ಬಿಸಿ, ಅಷ್ಟೇ. ಊರಿನ ಡಾಕ್ಟರು ಏಳು ದಿನ ಮಾತ್ರೆ ಕೊಟ್ಟರು, ಇಳೀತು. ನಿಲ್ಲಿಸಿದ ಎರಡು ವಾರಕ್ಕೆ ಮತ್ತೆ ಬಿಸಿ, ಮತ್ತೆ ಊತ. ಹೀಗೆ ನಾಲ್ಕು ಸಲ ಆಯ್ತು.

ಈಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳ್ತಿದ್ದಾರೆ, ಹಾಕಿರೋ ಕೀಲನ್ನ ಪೂರ್ತಿ ತೆಗೆದು, ನಡುವೆ ಔಷಧಿ ಬೆರೆಸಿದ ಸಿಮೆಂಟ್ ಇಟ್ಟು, ಕೆಲವು ವಾರ ಬಿಟ್ಟು ಹೊಸದು ಹಾಕಬೇಕು ಅಂತ. ಸೋಂಕಾಗಿದ್ದರೆ ಇನ್ನೂ ಜೋರಾದ ಔಷಧಿ ಕೊಡಲಿ, ಲೋಹ ಯಾಕೆ ಬಿಚ್ಚಬೇಕು? ಅದೂ ಅಲ್ದೆ ಮಂಡಿಯಿಂದ ನೀರು ತೆಗೆದು ಕಲ್ಚರ್‌ಗೆ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ಲ್ಯಾಬಿನಲ್ಲಿ ನೋಡೋಕೆ ಕಳಿಸಿದ್ರು, ಏನೂ ಬೆಳೆದಿಲ್ಲ ಅಂತ ವರದಿ ಬಂತು. ಏನೂ ಬೆಳೆದಿಲ್ಲ ಅಂದ ಮೇಲೆ ಸೋಂಕು ಎಲ್ಲಿಂದ ಬಂತು?

ಇದೆಲ್ಲದಕ್ಕಿಂತ ನೋವಾಗೋದು ಇನ್ನೊಂದು. ಆಪರೇಷನ್ ಆದ ಎರಡನೇ ತಿಂಗಳಲ್ಲಿ ಎಣ್ಣೆಗಾಯಿ ತಿಂದಿದ್ದಕ್ಕೇ ನಂಜಾಯ್ತು ಅಂತ ದೊಡ್ಡಮ್ಮ ಹೇಳಿಬಿಟ್ಟಿದ್ದಾರೆ. ಅಮ್ಮ ಅದನ್ನೇ ಹಿಡ್ಕೊಂಡು, ನನ್ನ ಬಾಯಿ ಚಪಲಕ್ಕೆ ನಿಮಗೆಲ್ಲ ಖರ್ಚಾಯ್ತು ಅಂತ ರಾತ್ರಿ ಅಳ್ತಾರೆ. ಗೊತ್ತಿರೋರು ಯಾರಾದ್ರೂ ಬಿಡಿಸಿ ಹೇಳಿ.

ತೋಟದಮನೆ

ಹಿರಿಯರು ಸುಮ್ಮನೆ ಹೇಳಿರಲ್ಲ. ನಮ್ಮ ಕಡೆ ಗಾಯ, ಹೊಲಿಗೆ ಏನೇ ಇದ್ದರೂ ಬದನೆಕಾಯಿ, ಕುಂಬಳಕಾಯಿ, ಮೀನು ಬಿಡಿಸ್ತಾರೆ. ನಮ್ಮಪ್ಪನಿಗೆ ಕಿಡ್ನಿ ಕಲ್ಲಿನ ಆಪರೇಷನ್ ಆದಾಗಿನಿಂದ ಬದನೆಕಾಯಿ ಮನೆಗೇ ತಂದಿಲ್ಲ, ಎಂಟು ತಿಂಗಳಾಯ್ತು. ಅಮ್ಮನನ್ನ ಬೈಯೋಕೆ ಹೇಳ್ತಿಲ್ಲ, ಇನ್ಮೇಲಾದ್ರೂ ಪಥ್ಯ ಇರಲಿ ಅಂತ ಹೇಳಿದೆ.

ಅಗರ್‌ತಟ್ಟೆ

ಸಂಪಿಗೆಮರ ಅವರೇ, ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕಲ್ಚರ್ ನೋಡುವವಳು. ಮೊದಲು ಅಮ್ಮನ ಹತ್ತಿರ ಹೋಗಿ ಹೇಳಿ, ಎಣ್ಣೆಗಾಯಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ. ಇದನ್ನು ಇವತ್ತೇ ಹೇಳಿ, ಉಳಿದದ್ದನ್ನು ಆಮೇಲೆ ಓದಬಹುದು.

ಮನೆ ಮೇಲಿನ ನೀರಿನ ಟ್ಯಾಂಕಿನ ಒಳಗೋಡೆಗೆ ಯಾವತ್ತಾದರೂ ಬೆರಳು ಆಡಿಸಿದ್ದೀರಾ? ಜಾರುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ನೀರು ತಿಳಿಯಾಗುತ್ತದೆ, ಗೋಡೆಗೆ ಅಂಟಿದ ಲೋಳೆ ಮಾತ್ರ ಹಾಗೇ ಕೂತಿರುತ್ತದೆ. ನಾಲ್ಕು ದಿನ ಕಳೆದರೆ ನೀರು ಮತ್ತೆ ವಾಸನೆ. ನಾರು ಹಿಡಿದು ಒಳಗಿಳಿದು ತಿಕ್ಕಿದರೇ ಅದು ಹೋಗುವುದು. ಅಮ್ಮನ ಮಂಡಿಯಲ್ಲಿ ಆಗಿರುವುದು ಇದೇ ಇರಬೇಕು. ಏಳು ದಿನದ ಮಾತ್ರೆ ನೀರನ್ನು ತಿಳಿ ಮಾಡಿತು, ಗೋಡೆಯನ್ನು ಮುಟ್ಟಲಿಲ್ಲ. ಆ ಲೋಳೆಗೆ ನಾವು ಬಯೋಫಿಲ್ಮ್ ಅನ್ನುತ್ತೇವೆ.

ಲೋಹವನ್ನೋ ಪ್ಲಾಸ್ಟಿಕ್ಕನ್ನೋ ದೇಹದೊಳಗೆ ಇಟ್ಟ ಕೆಲವೇ ನಿಮಿಷಗಳಲ್ಲಿ ರಕ್ತದ ಪ್ರೋಟೀನುಗಳು ಅದರ ಮೇಲೆ ತೆಳುವಾಗಿ ಮೆತ್ತಿಕೊಳ್ಳುತ್ತವೆ. ಆ ಮೆತ್ತಿದ ಜಾಗ ಹಿಡಿಯಲು ನಮ್ಮ ಜೀವಕೋಶಗಳಿಗೂ ಬ್ಯಾಕ್ಟೀರಿಯಾಗಳಿಗೂ ಪೈಪೋಟಿ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ, ಮೊದಲು ಹಾಕಿದವರದ್ದೇ ಸೀಟು. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಆಂಥನಿ ಗ್ರಿಸ್ಟಿನಾ 1987ರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಎಂದು ಕರೆದರು. ನಮ್ಮ ಕೋಶ ಗೆದ್ದರೆ ಮೂಳೆ ಲೋಹಕ್ಕೆ ಒಗ್ಗಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಗೆದ್ದರೆ ಸಕ್ಕರೆ, ಪ್ರೋಟೀನು, ಡಿಎನ್‌ಎ ಎಲ್ಲ ಸೇರಿದ ಅಂಟು ಸುರಿಸಿಕೊಂಡು ಒಳಗೆ ಸಂಸಾರ ಹೂಡುತ್ತದೆ.

ಅದಕ್ಕೆ ಭಯಂಕರವಾದ ರೋಗಾಣುವೇ ಬೇಕಿಲ್ಲ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬುದು ನನ್ನ ನಿಮ್ಮ ಎಲ್ಲರ ಚರ್ಮದ ಮೇಲೂ ಇದೆ. ಚರ್ಮದ ಮೇಲಿದ್ದಾಗ ಸಾಧು. 1957ರಲ್ಲಿ ಇಂಗ್ಲೆಂಡಿನಲ್ಲಿ ಎಲೆಕ್ ಮತ್ತು ಕೊನೆನ್ ಅನ್ನುವವರು ಸ್ವಯಂಸೇವಕರ ಚರ್ಮದಡಿ ಇದರ ದೊಡ್ಡಣ್ಣ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನು ಚುಚ್ಚಿ ನೋಡಿದರು. ಬರೀ ಬ್ಯಾಕ್ಟೀರಿಯಾದಿಂದ ಕೀವಾಗಬೇಕಾದರೆ ಹತ್ತಾರು ಲಕ್ಷ ಬೇಕಾಯಿತು. ಅದೇ ಒಂದು ರೇಷ್ಮೆ ಹೊಲಿಗೆ ದಾರದ ಜೊತೆ ಇಟ್ಟಾಗ ಕೆಲವು ನೂರು ಸಾಕಾಯಿತು. ನಮ್ಮ ದೇಹ ಲಕ್ಷಗಟ್ಟಲೆ ಬ್ಯಾಕ್ಟೀರಿಯಾವನ್ನು ನುಂಗಿ ಅರಗಿಸಿಕೊಳ್ಳಬಲ್ಲದು, ಒಂದು ತುಂಡು ದಾರ ಸಿಕ್ಕಿದರೆ ಮಾತ್ರ ಅವುಗಳ ಕೈ ಮೇಲಾಗುತ್ತದೆ. ಇನ್ನು ಅಂಗೈ ಅಗಲದ ಲೋಹ ಎಂದರೆ ಎಷ್ಟು ಜಾಗ ಯೋಚಿಸಿ.

ಜೋರಾದ ಔಷಧಿ ಕೊಡಲಿ ಅಂದಿರಲ್ಲ, ಅದಕ್ಕೆ ಬರುತ್ತೇನೆ. ಪದರದ ಹೊರಗಿನ ಬ್ಯಾಕ್ಟೀರಿಯಾಗಳಿಗೆ ಊಟ, ಆಮ್ಲಜನಕ ಸಿಗುತ್ತದೆ, ಅವು ಬೆಳೆಯುತ್ತವೆ. ಒಳಗಿನವು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತವೆ. ಬಹುಪಾಲು ಆಂಟಿಬಯೋಟಿಕ್‌ಗಳು ಕೊಲ್ಲುವುದು ಬೆಳೆಯುತ್ತಿರುವ, ಒಡೆದು ಎರಡಾಗುತ್ತಿರುವ ಬ್ಯಾಕ್ಟೀರಿಯಾವನ್ನು. ಮಲಗಿದ್ದವು ಬದುಕುತ್ತವೆ, ಔಷಧಿ ನಿಂತ ಮೇಲೆ ಏಳುತ್ತವೆ. ತೇಲಾಡುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರಮಾಣಕ್ಕಿಂತ ನೂರು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಬೇಕಾಗುತ್ತದೆ, ಅಷ್ಟು ಕೊಟ್ಟರೆ ಮನುಷ್ಯನೇ ಉಳಿಯುವುದಿಲ್ಲ. ಮೇಲಾಗಿ ಲೋಹದಲ್ಲಿ ರಕ್ತನಾಳ ಎಲ್ಲಿದೆ, ಔಷಧಿ ಹರಿದು ಹೋಗಲು?

ಒಂದು ಪ್ರಶ್ನೆ. ಮಂಡಿಯಿಂದ ನೀರು ತೆಗೆದ ದಿನ ಅಮ್ಮ ಮಾತ್ರೆ ತೆಗೆದುಕೊಳ್ಳುತ್ತಿದ್ದರಾ?

ಸಂಪಿಗೆಮರ

ಹೌದು. ನಾಲ್ಕನೇ ಕೋರ್ಸಿನ ಐದನೇ ದಿನ. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅಮ್ಮನಿಗೆ ಟ್ಯಾಂಕಿನ ಉದಾಹರಣೆ ಓದಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಹಾಗಾದ್ರೆ ನನ್ನ ತಪ್ಪಲ್ವಾ?" ಅಂತ ಎರಡೆರಡು ಸಲ ಕೇಳಿದ್ರು.

ಅಗರ್‌ತಟ್ಟೆ

ಹಾಗಾದರೆ ಆ ವರದಿಗೆ ಹೆಚ್ಚು ಬೆಲೆ ಕೊಡಬೇಡಿ. ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿ ಕೂತಿದೆ, ನೀರಿನಲ್ಲಿ ತೇಲುತ್ತಿದ್ದ ನಾಲ್ಕನ್ನೂ ಮಾತ್ರೆ ಕೊಂದಿದೆ, ತಟ್ಟೆಯಲ್ಲಿ ಏನು ಬೆಳೆಯಬೇಕು? ನನ್ನ ಬೆಂಚಿಗೆ ಬರುವ ಕೀಲಿನ ನೀರಿನಲ್ಲಿ ಹೀಗೆ ಬಾಯಿ ಕಟ್ಟಿಸಿಕೊಂಡು ಬರುವವು ಎಷ್ಟೋ. ಚೀಟಿಯ ಮೇಲೆ ಆಂಟಿಬಯೋಟಿಕ್ ಕಾಲಂ ಖಾಲಿ ಇರುತ್ತದೆ. ನನಗೆ ಸಿಟ್ಟು ಬರುವುದು ಅಲ್ಲೇ.

ರೋಗಿಯ ಸ್ಥಿತಿ ತಡೆಯುವಂತಿದ್ದರೆ ಸಾಮಾನ್ಯವಾಗಿ ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಿ ಮತ್ತೆ ನೀರು ತೆಗೆಯುತ್ತಾರೆ. ನಿಲ್ಲಿಸುವ ತೀರ್ಮಾನ ಡಾಕ್ಟರದ್ದು, ನೀವಾಗಿ ಬೇಡ. ಆ ನೀರಿನಲ್ಲಿ ಬಿಳಿ ರಕ್ತಕಣದ ಎಣಿಕೆ ಕೇಳಿ, ಕಲ್ಚರನ್ನು ಹದಿನಾಲ್ಕು ದಿನ ಇಡಲು ಕೇಳಿ. ನಿಧಾನಕ್ಕೆ ಬೆಳೆಯುವವು ಮೂರನೇ ದಿನಕ್ಕೆ ಮುಖ ತೋರಿಸುವುದಿಲ್ಲ. ಕೀಲು ತೆಗೆದೇ ತೆಗೆಯುತ್ತಾರೆ ಎಂದಾದರೆ, ತೆಗೆದ ಲೋಹವನ್ನೇ ಲ್ಯಾಬಿಗೆ ಕಳಿಸುವ ಏರ್ಪಾಡು ಇದೆಯೇ ವಿಚಾರಿಸಿ. ಅದನ್ನು ದ್ರವದಲ್ಲಿಟ್ಟು ಶಬ್ದತರಂಗದಿಂದ ಅಲುಗಿಸಿ ಪದರವನ್ನು ಉದುರಿಸುತ್ತಾರೆ, ಆ ದ್ರವವನ್ನು ಕಲ್ಚರ್ ಮಾಡುತ್ತಾರೆ. 2007ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 331 ರೋಗಿಗಳ ಕೀಲುಗಳನ್ನು ಹೀಗೆ ನೋಡಿದಾಗ ಸೋಂಕಿದ್ದವರಲ್ಲಿ ಶೇ. 78.5ರಷ್ಟು ಪತ್ತೆಯಾಯಿತು. ಸುತ್ತಲಿನ ಮಾಂಸದ ತುಣುಕಿನ ಕಲ್ಚರ್‌ನಲ್ಲಿ ಸಿಕ್ಕಿದ್ದು ಶೇ. 60.8.

ಎಲುಬುಗೂಡು

ಮೂಳೆ ಶಸ್ತ್ರಚಿಕಿತ್ಸಕ ನಾನು. ಮಂಡಿ ಕಣ್ಣಾರೆ ನೋಡದೆ ಇಂಥದ್ದೇ ಮಾಡಿ ಅಂತ ಹೇಳಲಾರೆ, ಆದರೆ ನಿಮ್ಮ ಡಾಕ್ಟರು ಹೇಳಿರುವ ದಾರಿ ಸರಿಯಾಗಿಯೇ ಕಾಣುತ್ತಿದೆ.

ಸೋಂಕು ಶುರುವಾಗಿ ಎರಡು ಮೂರು ವಾರದೊಳಗೆ ಬಂದಿದ್ದರೆ, ಲೋಹ ಗಟ್ಟಿಯಾಗಿ ಕೂತಿದ್ದರೆ, ಚರ್ಮದಲ್ಲಿ ತೂತಾಗಿರದಿದ್ದರೆ, ಮಂಡಿ ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ತಟ್ಟೆ ಮಾತ್ರ ಬದಲಿಸಿ ಲೋಹ ಉಳಿಸಿಕೊಳ್ಳುವ ಪ್ರಯತ್ನ ಮಾಡುತ್ತೇವೆ. ಪದರ ಆಗ ಇನ್ನೂ ಎಳೆಯದು. ಆರು ತಿಂಗಳು ದಾಟಿದ ಮೇಲೆ ಆ ದಾರಿ ಬಹುತೇಕ ಮುಚ್ಚಿದ ಹಾಗೆ. ನಾಲ್ಕು ಕೋರ್ಸ್ ಮಾತ್ರೆಯಲ್ಲಿ ಕಳೆದುಹೋದದ್ದು ಆ ಮೊದಲ ವಾರಗಳು. ಇದನ್ನು ಓದುತ್ತಿರುವ ಬೇರೆಯವರಿಗೆ ನನ್ನ ಕಳಕಳಿಯ ಮಾತು: ಬದಲಿಸಿದ ಕೀಲು ಬಿಸಿಯಾದರೆ, ಗಾಯ ಸೋರಿದರೆ, ಮಾತ್ರೆ ನುಂಗುವ ಮೊದಲು ಆಪರೇಷನ್ ಮಾಡಿದವರ ಹತ್ತಿರ ಹೋಗಿ. ಮೊದಲ ಬಾರಿ ಮಂಡಿ ಬದಲಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಇದು ಆಗುತ್ತದೆ. ಎಲ್ಲ ಎಚ್ಚರ ವಹಿಸಿದರೂ ಆಗುತ್ತದೆ. ಮುಚ್ಚಿಡಬೇಕಾದ ವಿಷಯವಲ್ಲ.

ಸಿಮೆಂಟಿನ ತುಂಡು ಬರೀ ಜಾಗ ಹಿಡಿಯಲು ಇಡುವುದಲ್ಲ. ಅದರಲ್ಲಿ ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಥರದ ಔಷಧಿ ಬೆರೆಸಿರುತ್ತೇವೆ. ರಕ್ತದ ಮೂಲಕ ಮುಟ್ಟಿಸಲಾಗದಷ್ಟು ಔಷಧಿ ಅಲ್ಲೇ ಬಿಡುಗಡೆಯಾಗುತ್ತದೆ. ಆ ವಾರಗಳು ಕಷ್ಟ, ವಾಕರ್ ಹಿಡಿದೇ ನಡೆಯಬೇಕು, ಶೌಚಾಲಯಕ್ಕೆ ಕಮೋಡ್ ಬೇಕು. ಮನೆಯಲ್ಲಿ ಈಗಲೇ ವ್ಯವಸ್ಥೆ ಮಾಡಿಕೊಳ್ಳಿ.

ಇನ್ನೊಂದು, ಸ್ಟ್ಯಾಫಿಲೊಕಾಕಸ್ ಸಿಕ್ಕಿದ್ದು ಲೋಹ ಉಳಿಸಿಕೊಂಡರೆ, ಅಥವಾ ಹೊಸದು ಹಾಕಿದ ಮೇಲೆ, ರಿಫಾಂಪಿಸಿನ್ ಬರೆಯಬಹುದು. ಟಿಬಿ ಮಾತ್ರೆ ಕೊಟ್ಟಿದ್ದಾರೆ, ಅಮ್ಮನಿಗೆ ಟಿಬಿ ಅಂತ ಗಾಬರಿಯಾಗಬೇಡಿ. ಪದರದೊಳಗಿನ ಸ್ಟ್ಯಾಫಿಲೊಕಾಕಸ್ ಮೇಲೆ ಕೆಲಸ ಮಾಡುವ ಕೆಲವೇ ಔಷಧಿಗಳಲ್ಲಿ ಅದು ಒಂದು. ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಅದೂ ಸಹಜ. ಯಾವತ್ತೂ ಒಂಟಿಯಾಗಿ ಕೊಡುವುದಿಲ್ಲ, ಕೊಟ್ಟರೆ ಬ್ಯಾಕ್ಟೀರಿಯಾ ಬಲುಬೇಗ ಪಳಗಿಬಿಡುತ್ತದೆ. ಅಮ್ಮ ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಅವುಗಳ ಬಲವನ್ನು ಇದು ಕುಗ್ಗಿಸುತ್ತದೆ.

ಥೇಮ್ಸ್ ತೀರದವ

ನಾನು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್, ಊರು ಶಿರಸಿ. ಆರು ವಾರ ರಕ್ತನಾಳಕ್ಕೆ ಚುಚ್ಚುಮದ್ದು ಕೊಡಿಸಲು ಆಸ್ಪತ್ರೆಯಲ್ಲೇ ಇರಬೇಕಾ ಎಂಬ ಚಿಂತೆ ನಿಮಗೂ ಬರಬಹುದು. ಇಲ್ಲಿ 1054 ಜನ ಮೂಳೆ, ಕೀಲಿನ ಸೋಂಕಿನವರ ಮೇಲೆ ನಡೆದ ಓವಿವಾ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲ ಆರು ವಾರ ಚುಚ್ಚುಮದ್ದು ಪಡೆದವರಲ್ಲಿ ಶೇ. 14.6, ಬಾಯಿಂದ ಔಷಧಿ ಪಡೆದವರಲ್ಲಿ ಶೇ. 13.2 ಜನರಿಗೆ ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾಯಿತು. ಅಂದರೆ ಸರಿಯಾಗಿ ಆಯ್ದ ಮಾತ್ರೆ ಚುಚ್ಚುಮದ್ದಿಗಿಂತ ಕಳಪೆಯಲ್ಲ. ಅಮ್ಮನಿಗೆ ಅದು ಒಪ್ಪುತ್ತದಾ ಕೇಳಿ ನೋಡಿ.

ಆದರೆ ದಿನ ಕಡಿಮೆ ಮಾಡಲು ಹೋಗಬೇಡಿ. ಫ್ರಾನ್ಸಿನಲ್ಲಿ ಕೃತಕ ಕೀಲಿನ ಸೋಂಕಿಗೆ ಆರು ವಾರ ಸಾಕೋ ಹನ್ನೆರಡು ಬೇಕೋ ಎಂದು ಹೋಲಿಸಿದರು, 2021ರಲ್ಲಿ ಫಲಿತಾಂಶ ಬಂತು. ಸೋಂಕು ಉಳಿದದ್ದು ಆರು ವಾರದವರಲ್ಲಿ ಶೇ. 18.1, ಹನ್ನೆರಡು ವಾರದವರಲ್ಲಿ ಶೇ. 9.4. ನೋವು ಕಡಿಮೆಯಾಯ್ತು ಎಂದು ನಡುವೆ ನಿಲ್ಲಿಸುವವರನ್ನು ನಾನು ಇಲ್ಲೂ ನೋಡುತ್ತೇನೆ.

ಗದಗಿನ ಗಾಳಿ

ನಂದೂ ಒಂದು ಕೇಳ್ರಿ. 2019ರಾಗ ಬೈಕಿನ ಮ್ಯಾಲಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರದು ಹೊರಗ ಬಂದಿತ್ತು. ರಾಡ್ ಹಾಕಿದ್ರು. ಎಲುಬೇನೋ ಕೂಡ್ತು, ಆದ್ರ ಹೊಲಿಗಿ ಬಾಜೂಕ ಒಂದು ತೂತು ಉಳೀತು, ಸಾಸಿವಿ ಕಾಳಿನಷ್ಟ. ಅದರಾಗಿಂದ ದಿನಾ ನಾಕು ಹನಿ ರಸಿಗಿ. ಹಳೇ ಪಂಜೆ ಹರದು ಕಟ್ಟಗೋತಿದ್ದೆ, ಸಂಜೀಕ ಅದು ಹಳದಿ ಆಗಿ ಒಣಗಿ ಖಡಕ್ ಆಗಿರ್ತಿತ್ತು. ತೂತು ಮುಚ್ಚಿದ್ರ ಆರಾಮಾತು ಅಂತ ಖುಷಿ ಪಡ್ತಿದ್ದೆ, ಹದಿನೈದು ದಿನಕ್ಕ ಕಾಲು ಬಾತು, ಜ್ವರ ಬಂದು, ಮತ್ತ ಅಲ್ಲೇ ಒಡೀತಿತ್ತು. ಎರಡೂವರಿ ವರ್ಷ ಹಿಂಗ ಕಳದೆ. ಪ್ರತಿ ಸಲ ತೂತಿನ ಮ್ಯಾಲಿನ ರಸಿಗಿ ಕಲ್ಚರ್ ಮಾಡ್ತಿದ್ರು, ಪ್ರತಿ ಸಲ ಬ್ಯಾರೆ ಬ್ಯಾರೆ ಹುಳದ ಹೆಸರು.

ಕಡೀಕ ಒಬ್ಬ ಡಾಕ್ಟರು ರಾಡ್ ತಗದ್ರು, ಒಳಗ ಕೆರದು ತೊಳದ್ರು, ಐದು ಕಡೆಯಿಂದ ತುಣಕು ತಗದು ಕಳಿಸಿದ್ರು. ಐದರಾಗ ನಾಕರಾಗ ಒಂದ ಹುಳ. ಅದಕ್ಕ ತಕ್ಕ ಔಷಧ ಕೊಟ್ರು. ಈಗ ಮೂರು ವರ್ಷಾತು, ತೂತಿದ್ದಲ್ಲೆ ಒಂದು ಕುಳಿ ಐತಿ ಅಷ್ಟ. ತಂಗೀ, ತಗಸು ಅಂತ ಹೇಳಿದ್ರ ಹೆದರಬ್ಯಾಡವಾ. ನಾ ಎರಡೂವರಿ ವರ್ಷ ಮೊದಲ ತಗಸಬೇಕಿತ್ತು.

ಎಲುಬುಗೂಡು

ಮೇಲಿನ ತೂತಿನಲ್ಲಿ ಸಿಗುವುದು ಹೊರಗಿನಿಂದ ಬಂದು ಸೇರಿದವರೂ ಆಗಿರುತ್ತಾರೆ. ಒಳಗಿನ ಐದಾರು ಜಾಗದಿಂದ, ಪ್ರತಿಯೊಂದಕ್ಕೂ ಬೇರೆ ಉಪಕರಣ ಬಳಸಿ ತೆಗೆದದ್ದನ್ನೇ ನಂಬಬೇಕು. ಮುರಿದ ಎಲುಬು ಕೂಡುವವರೆಗೆ ರಾಡ್ ತೆಗೆಯದೆ ಕಾಯುವುದೂ ಉಂಟು. ಸೋಂಕಿದ್ದರೂ ಎಲುಬು ಅಲುಗಾಡದಿದ್ದರೆ ಕೂಡಬಲ್ಲದು. ಆದರೆ ಕೂಡಿದ ಮೇಲೂ ಎರಡು ವರ್ಷ ಬಿಟ್ಟದ್ದು ತಪ್ಪು.

ಘಟ್ಟದ ಕೆಳಗಿನ ಸಿಸ್ಟರ್

ಡಯಾಲಿಸಿಸ್ ಯೂನಿಟ್‌ನಲ್ಲಿ ಇರುವವಳು ನಾನು. ಕುತ್ತಿಗೆಗೆ ನಳಿಗೆ ಹಾಕಿಸಿಕೊಂಡು ಬರುವವರು ನಮ್ಮಲ್ಲಿ ತುಂಬ ಜನ ಉಂಟು. ಅವರಲ್ಲಿ ಕೆಲವರಿಗೆ ಮನೆಯಲ್ಲಿರುವಾಗ ಏನೂ ಇರುವುದಿಲ್ಲ. ಮಶೀನಿಗೆ ಹಾಕಿ ಅರ್ಧ ಗಂಟೆ ಆಗುವಾಗ ಮೈಯೆಲ್ಲ ನಡುಗಲಿಕ್ಕೆ ಶುರು. ಹಲ್ಲು ಕಟಕಟ, ಎರಡು ಕಂಬಳಿ ಹೊದೆಸಿದರೂ ನಿಲ್ಲುವುದಿಲ್ಲ. ಎಸಿ ಜಾಸ್ತಿಯಾಯಿತು ಸಿಸ್ಟರ್ ಅಂತ ಹೇಳುತ್ತಾರೆ ಪಾಪ. ಎಸಿ ಅಲ್ಲ. ನಳಿಗೆಯ ಒಳಗೆ ಇದೇ ಲೋಳೆ ಕೂತಿರುತ್ತದೆ, ರಕ್ತ ಜೋರಾಗಿ ಹರಿಯುವಾಗ ಅದರ ಚೂರುಗಳು ಕಿತ್ತು ಮೈಗೆ ಸೇರುತ್ತವೆ.

ನಾವು ಕೂಡಲೇ ನಳಿಗೆಯಿಂದ ಒಂದು, ಕೈಯಿಂದ ಒಂದು ರಕ್ತ ತೆಗೆದು ಕಲ್ಚರಿಗೆ ಕಳಿಸುತ್ತೇವೆ. ನಳಿಗೆಯ ಬಾಟಲಿ ಕೈಯ ಬಾಟಲಿಗಿಂತ ಎರಡು ಗಂಟೆಯೋ ಅದಕ್ಕೂ ಜಾಸ್ತಿಯೋ ಮೊದಲೇ ಬೆಳೆದು ತೋರಿಸಿದರೆ ಕಳ್ಳ ನಳಿಗೆಯಲ್ಲೇ ಅಂತ ಅರ್ಥ. ಮನೆಯವರಿಗೆ ನಾನು ದಿನಾ ಹೇಳುವುದು: ನಳಿಗೆಯ ಮೇಲಿನ ಬಟ್ಟೆ ಒದ್ದೆ ಮಾಡಬೇಡಿ, ಸ್ನಾನ ಮಾಡುವಾಗ ಕೂಡ, ಮುಚ್ಚಳ ಡಯಾಲಿಸಿಸ್‌ನವರು ಬಿಟ್ಟರೆ ಯಾರೂ ತೆಗೆಯಬಾರದು, ಡ್ರಿಪ್ ಹಾಕಲಿಕ್ಕೆ ಕೂಡ. ಕೈಗೆ ಫಿಸ್ಟುಲಾ ಮಾಡಿಸಿ ಅಂತ ಡಾಕ್ಟರು ಹೇಳಿದರೆ ಮುಂದೂಡಬೇಡಿ. ಫಿಸ್ಟುಲಾ ಅಂದರೆ ಕೈಯ ಎರಡು ರಕ್ತನಾಳ ಜೋಡಿಸಿ ಮಾಡುವುದು, ನಮ್ಮದೇ ರಕ್ತನಾಳ, ಈ ಲೋಳೆಗೆ ಅಲ್ಲಿ ಹಿಡಿದುಕೊಳ್ಳಲಿಕ್ಕೆ ಪ್ಲಾಸ್ಟಿಕ್ ಇಲ್ಲ.

ತೋಟದಮನೆ

ಬದನೆಕಾಯಿ ವಿಷಯ ಹೇಳಿದ್ದಕ್ಕೆ ಸಂಪಿಗೆಮರ ಅವರು ಬೇಜಾರು ಮಾಡ್ಕೋಬಾರ್ದು, ಅಮ್ಮನಿಗೂ ಹೇಳಿ. ಇದನ್ನೆಲ್ಲ ಓದ್ತಾ ಒಂದು ನೆನಪಾಯ್ತು. ಅಪ್ಪನ ಕಲ್ಲಿನ ಆಪರೇಷನ್ ಆದಾಗ ಒಳಗೆ ಒಂದು ಸ್ಟೆಂಟ್ ಹಾಕಿದ್ದೀವಿ ಅಂದಿದ್ರು. ಡಿಸ್ಚಾರ್ಜ್ ಚೀಟಿ ಈಗ ಹುಡುಕಿ ನೋಡಿದೆ, ಡಿಜೆ ಸ್ಟೆಂಟ್ ಅಂತಿದೆ. ಆರು ವಾರಕ್ಕೆ ಬನ್ನಿ ಅಂತಲೂ ಬರೆದಿದೆ. ಅಡಿಕೆ ಕೊಯ್ಲಿನ ಗಡಿಬಿಡಿ, ನೋವೂ ಇರಲಿಲ್ಲ, ಹೋಗಲಿಲ್ಲ. ಹೃದಯದ ಸ್ಟೆಂಟ್ ಥರ ಅದು ಒಳಗೇ ಇರೋದಲ್ವಾ? ಎಂಟು ತಿಂಗಳಾಗಿದೆ. ಈಚೆಗೆ ಮೂತ್ರ ಮಾಡುವಾಗ ಉರಿ ಅಂತಾರೆ, ಸೊಂಟ ಹಿಡಿದ ಹಾಗೆ ಅಂತಾರೆ.

ಅಗರ್‌ತಟ್ಟೆ

ಇಲ್ಲ, ಇಲ್ಲ. ಹೃದಯದ್ದು ಒಳಗೇ ಇರುತ್ತದೆ, ಡಿಜೆ ಸ್ಟೆಂಟ್ ತೆಗೆಸಲೇಬೇಕು. ಸಾಮಾನ್ಯವಾಗಿ ಕೆಲವು ವಾರ, ಬಹಳವೆಂದರೆ ಮೂರು ತಿಂಗಳ ಆಸುಪಾಸು. ಅದು ಕಿಡ್ನಿಯಿಂದ ಮೂತ್ರಕೋಶದವರೆಗೆ ಇಳಿದಿರುವ ಮೆದು ಪ್ಲಾಸ್ಟಿಕ್ ನಳಿಗೆ. ಅದರ ಮೇಲೂ ಪದರ ಕಟ್ಟುತ್ತದೆ. ಪ್ರೋಟಿಯಸ್ ಥರದ ಬ್ಯಾಕ್ಟೀರಿಯಾ ಸೇರಿದರೆ ಮೂತ್ರದಲ್ಲಿನ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗುತ್ತದೆ, ಕರಗಿದ್ದ ಖನಿಜ ಹರಳುಗಟ್ಟಿ ಲೋಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುವುದಿಲ್ಲವೇ, ಹಾಗೆ. ಕಲ್ಲಾಗುವ ಮೈಯವರಿಗೆ ಸೋಂಕಿಲ್ಲದೆಯೂ ಕಟ್ಟುತ್ತದೆ. ಹಾಗಾದರೆ ಎಳೆದರೆ ಬರುವುದಿಲ್ಲ, ಕಲ್ಲು ಒಡೆದೇ ತೆಗೆಯಬೇಕು. ನಾಳೆಯೇ ಕರೆದುಕೊಂಡು ಹೋಗಿ. ರಾತ್ರಿ ಜ್ವರ, ಚಳಿ ಬಂದರೆ ನಾಳೆಗೂ ಕಾಯಬೇಡಿ.

ಚಾಮರಾಜಪೇಟೆ ಚಿಕ್ಕಪ್ಪ

ನನಗೆ ಹೃದಯದ ಕವಾಟ ಬದಲಿಸಿದ್ದಾರೆ, ಹೆಂಡತಿಗೆ ಮಂಡಿ. ಹಲ್ಲು ಕೀಳಿಸುವ ಮೊದಲು ಇಬ್ಬರೂ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕೇ?

ಎಲುಬುಗೂಡು

ಸರ್, ನಿಮಗೆ ಬೇಕು. ಕೃತಕ ಕವಾಟ ಇರುವವರಿಗೆ ಹಲ್ಲು ಕೀಳುವ ಮುಂಚೆ ಒಂದು ಡೋಸ್ ಕೊಡುತ್ತಾರೆ, ದಂತವೈದ್ಯರಿಗೆ ಕವಾಟದ ವಿಷಯ ಮರೆಯದೆ ಹೇಳಿ. ಮಂಡಿಯವರಿಗೆ ಸಾಮಾನ್ಯವಾಗಿ ಬೇಕಿಲ್ಲ. ಇಬ್ಬರೂ ದಿನಾ ಹಲ್ಲು ಚೆನ್ನಾಗಿ ತಿಕ್ಕುವುದು ಅದಕ್ಕಿಂತ ಮುಖ್ಯ. ಹಲ್ಲಿನ ಪಾಚಿಯೂ ಇದೇ ಲೋಳೆ, ಡಚ್ಚರ ಲೀವನ್‌ಹುಕ್ 1683ರಲ್ಲೇ ಅದನ್ನು ಕೆರೆದು ತನ್ನ ಮಸೂರದಲ್ಲಿ ಜೀವಿಗಳನ್ನು ಕಂಡು ಬರೆದಿದ್ದ.

ಪದವಿ ಎರಡನೇ ವರ್ಷ

ಅಂಟಿಕೊಳ್ಳದ ಲೋಹವನ್ನೇ ಮಾಡೋಕಾಗಲ್ವಾ?

ಅಗರ್‌ತಟ್ಟೆ

ಮಾಡುತ್ತಿದ್ದಾರಪ್ಪ. ಜೀರುಂಡೆಯ ರೆಕ್ಕೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಳೆಗಳಂಥ ರಚನೆ ಇದೆ, ಅದರ ಮೇಲೆ ಕೂತ ಬ್ಯಾಕ್ಟೀರಿಯಾದ ಹೊದಿಕೆ ಹರಿದು ಸಾಯುತ್ತದೆ ಎಂದು 2012ರಲ್ಲಿ ಆಸ್ಟ್ರೇಲಿಯಾದಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಟೈಟೇನಿಯಂ ಮೇಲೆ ಅಂಥ ಮೊನೆಗಳನ್ನು ಕೆತ್ತಿ, ಬ್ಯಾಕ್ಟೀರಿಯಾ ಸಾಯುತ್ತದೆ, ಮನುಷ್ಯನ ಕೋಶ ಬದುಕುತ್ತದೆ ಎಂದು 2017ರಲ್ಲಿ ಪ್ರಕಟಿಸಿದ್ದಾರೆ. ಪ್ರಯೋಗಾಲಯದಲ್ಲಿ ಗೆದ್ದದ್ದು ಮನುಷ್ಯನ ಮಂಡಿಯಲ್ಲಿ ಹತ್ತಿಪ್ಪತ್ತು ವರ್ಷ ಗೆಲ್ಲಬೇಕಲ್ಲ, ಅದೇ ಕಷ್ಟ. ಪೇಸ್‌ಮೇಕರ್‌ಗಾದರೆ ಔಷಧಿ ಲೇಪಿಸಿದ ಜಾಲರಿ ಚೀಲ ಆಗಲೇ ಬಳಕೆಯಲ್ಲಿದೆ. ಸುಮಾರು ಏಳು ಸಾವಿರ ಜನರಲ್ಲಿ ನೋಡಿ 2019ರಲ್ಲಿ ಪ್ರಕಟಿಸಿದ ಪ್ರಕಾರ ದೊಡ್ಡ ಸೋಂಕು ಶೇ. 1.2ರಿಂದ 0.7ಕ್ಕೆ ಇಳಿಯಿತು. ಓದಿ ಮುಗಿಸಿ ಈ ಕಡೆ ಬನ್ನಿ, ಮಾಡಲು ಬೇಕಾದಷ್ಟು ಕೆಲಸವಿದೆ.

ಸಂಪಿಗೆಮರ

ಐದು ವಾರ ಆದ ಮೇಲೆ ಬರೀತಿದ್ದೀನಿ. ಡಾಕ್ಟರು ಎರಡು ವಾರ ಮಾತ್ರೆ ನಿಲ್ಲಿಸಿ ಮತ್ತೆ ನೀರು ತೆಗೆದರು. ಆರನೇ ದಿನ ಬೆಳೀತು, ಅಗರ್‌ತಟ್ಟೆ ಅಕ್ಕ ಹೇಳಿದ ಅದೇ ಎಪಿಡರ್ಮಿಡಿಸ್. ಕಳೆದ ಸೋಮವಾರ ಕೀಲು ತೆಗೆದು ಸಿಮೆಂಟ್ ಇಟ್ಟಿದ್ದಾರೆ. ತೆಗೆದ ಲೋಹ ನನಗೆ ತೋರಿಸಿದ್ರು. ಕನ್ನಡಿ ಥರ ಹೊಳೀತಿತ್ತು. ಲೋಳೆ ಎಲ್ಲಿ ಅಂತ ಕೇಳಿದೆ, ಕಣ್ಣಿಗೆ ಕಾಣೋ ಅಷ್ಟು ದಪ್ಪ ಇರಲ್ಲಮ್ಮ ಅಂದ್ರು.

ಅಮ್ಮನಿಗೆ ಊಟ ಸೇರ್ತಿಲ್ಲ. ನಿನ್ನೆ ದೊಡ್ಡಮ್ಮ ಆಸ್ಪತ್ರೆಗೆ ಬಂದಾಗ ಡಬ್ಬಿಯಲ್ಲಿ ಜೋಳದ ರೊಟ್ಟಿ ಜೊತೆ ಎಣ್ಣೆಗಾಯಿ ತಂದಿದ್ರು. ಏನೂ ಮಾತಾಡಲಿಲ್ಲ, ಬಿಚ್ಚಿ ಮುಂದಿಟ್ಟರು. ಅಮ್ಮ ಒಂದೂವರೆ ರೊಟ್ಟಿ ತಿಂದರು.

ತೋಟದಮನೆ

ಕೇಳಿ ಸಮಾಧಾನ ಆಯ್ತು. ಅಪ್ಪನದ್ದು ಎಕ್ಸ್‌ರೇ ಮಾಡಿಸಿದ್ವಿ. ಸ್ಟೆಂಟಿನ ಮೇಲಿನ ತುದಿಗೂ ಕೆಳಗಿನ ತುದಿಗೂ ಕಲ್ಲು ಕಟ್ಟಿದೆ, ನಡುವೆ ಖಾಲಿ ಇದೆ. ಮೊನ್ನೆ ಕೆಳಗಿನದ್ದನ್ನ ಲೇಸರಿನಲ್ಲಿ ಒಡೆದರು. ಮೇಲಿನದ್ದಕ್ಕೆ ಬರುವ ಗುರುವಾರ ಡೇಟ್ ಕೊಟ್ಟಿದ್ದಾರೆ. ನಮ್ಮೂರಲ್ಲಿ ಕಲ್ಲಿನ ಆಪರೇಷನ್ ಆದ ಇನ್ನೂ ಮೂವರು ಇದ್ದಾರೆ, ಅವರ ಮನೆಗೂ ಹೋಗಿ ಚೀಟಿ ತೆಗೆಸಿ ನೋಡಿದೆ. ಇಬ್ಬರದ್ದು ತೆಗೆದಾಗಿದೆ. ಒಬ್ಬರದ್ದು ಇನ್ನೂ ಒಳಗೇ ಇದೆ, ಅವರನ್ನೂ ಗುರುವಾರ ನಮ್ಮ ಜೀಪಿನಲ್ಲೇ ಕರ್ಕೊಂಡು ಹೋಗ್ತಿದ್ದೀನಿ.